ಶಿಕಾಗೊ 1880: ಮೊದಲ ಮತ ಬೀಳುವ ಮೊದಲೇ ಗ್ರಾಂಟ್ ಸೋತಿದ್ದು ಹೇಗೆ

1880ರ ಜೂನ್ 2ರಂದು ಶಿಕಾಗೊದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ಶುರುವಾಯಿತು. ಅಮೆರಿಕದ ಅಧ್ಯಕ್ಷ ಹುದ್ದೆಗೆ ಪಕ್ಷದಿಂದ ಯಾರು ನಿಲ್ಲಬೇಕು ಅನ್ನೋದು ಅಲ್ಲಿ ತೀರ್ಮಾನ ಆಗಬೇಕಿತ್ತು. ಒಟ್ಟು 756 ಪ್ರತಿನಿಧಿಗಳು. ಗೆಲ್ಲೋಕೆ 379 ಮತ ಬೇಕು. ತೀರ್ಮಾನಕ್ಕೆ ಬರಲು 36 ಸುತ್ತು ಮತದಾನ ನಡೆಸಬೇಕಾಯಿತು. ಕೊನೆಗೆ ಟಿಕೆಟ್ ಸಿಕ್ಕಿದ್ದು ಸ್ಪರ್ಧೆಯಲ್ಲೇ ಇರದಿದ್ದ ಜೇಮ್ಸ್ ಗಾರ್ಫೀಲ್ಡ್‌ಗೆ.

ಈ ಕತೆ ಹೇಳುವವರು ಸಾಮಾನ್ಯವಾಗಿ 34ನೇ ಸುತ್ತಿನಿಂದ ಶುರು ಮಾಡುತ್ತಾರೆ. ವಿಸ್ಕಾನ್ಸಿನ್ ರಾಜ್ಯ ಇದ್ದಕ್ಕಿದ್ದಂತೆ ಗಾರ್ಫೀಲ್ಡ್ ಹೆಸರು ಕೂಗಿತು, ಎಲ್ಲರೂ ಬೆರಗಾದರು, ಆಮೇಲೆ ಅಲೆ ಎದ್ದಿತು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ನನ್ನ ಪ್ರಕಾರ ನಿಜವಾದ ಆಟ ನಡೆದಿದ್ದು ಒಂದು ವಾರ ಮೊದಲು, ಹೋಟೆಲ್ ಕೋಣೆಗಳಲ್ಲಿ. ಅಲ್ಲಿ ಜಗಳ ಆಗಿದ್ದು ಯಾರು ಅಭ್ಯರ್ಥಿ ಅನ್ನೋದಕ್ಕೇ ಅಲ್ಲ. ಮತ ಹೇಗೆ ಎಣಿಸಬೇಕು, ಆ ಎಣಿಕೆ ಮಾಡುವ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನೋದಕ್ಕೆ. ಅದರಲ್ಲಿ ಸೋತವರು ಆಮೇಲೆ 36 ಸುತ್ತು ಹೋರಾಡಿದರೂ ಏನೂ ಪ್ರಯೋಜನ ಆಗಲಿಲ್ಲ.

ಯಾರು ಯಾರ ಕಡೆ

ಯುಲಿಸಿಸ್ ಗ್ರಾಂಟ್ ಅಂತರ್ಯುದ್ಧ ಗೆದ್ದ ಸೇನಾಪತಿ. 1869ರಿಂದ 1877ರವರೆಗೆ ಎರಡು ಅವಧಿಗೆ ಅಧ್ಯಕ್ಷರಾಗಿದ್ದವರು. ಆಮೇಲೆ ಹೆಂಡತಿಯ ಜೊತೆ ಲೋಕಸಂಚಾರಕ್ಕೆ ಹೊರಟರು. ಮುಂಬಯಿ, ಕಲ್ಕತ್ತಾಗೂ ಬಂದು ಹೋದರು. 1879ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗಿಳಿದಾಗ ಭಾರಿ ಸ್ವಾಗತ ಸಿಕ್ಕಿತು. ಅದನ್ನು ನೋಡಿ ಮೂವರು ಸೆನೆಟರ್‌ಗಳು ಲೆಕ್ಕ ಹಾಕಿದರು: ಈ ಬಿಸಿ ಆರುವ ಮೊದಲು ಮೂರನೇ ಅವಧಿಗೆ ಟಿಕೆಟ್ ಕೊಡಿಸಿಬಿಡಬೇಕು.

ಆ ಮೂವರು ಅಂದರೆ ನ್ಯೂಯಾರ್ಕ್‌ನ ರಾಸ್ಕೊ ಕಾಂಕ್ಲಿಂಗ್, ಪೆನ್ಸಿಲ್ವೇನಿಯಾದ ಡಾನ್ ಕ್ಯಾಮೆರಾನ್, ಇಲಿನಾಯ್‌ನ ಜಾನ್ ಲೋಗನ್. ಮೂವರೂ ತಮ್ಮ ತಮ್ಮ ರಾಜ್ಯದಲ್ಲಿ ಪಕ್ಷದ ಯಜಮಾನರು. ಪೋಸ್ಟ್‌ಮಾಸ್ಟರ್ ಕೆಲಸ, ಸುಂಕದ ಕಚೇರಿಯ ಕೆಲಸ ಎಲ್ಲ ಇವರ ಕೈಯಿಂದಲೇ ಹಂಚಿಕೆ ಆಗಬೇಕು ಅನ್ನೋದು ಇವರ ನಂಬಿಕೆ. ಇವರ ಬಣಕ್ಕೆ ಸ್ಟಾಲ್ವರ್ಟ್ ಅಂತ ಹೆಸರು. ಗ್ರಾಂಟ್ ಕಾಲದಲ್ಲಿ ಇವರ ಮಾತು ನಡೆಯುತ್ತಿತ್ತು. ಆಮೇಲೆ ಬಂದ ಅಧ್ಯಕ್ಷ ಹೇಯ್ಸ್ ಇವರ ಬಾಲ ಕತ್ತರಿಸಿದರು. 1878ರಲ್ಲಿ ಕಾಂಕ್ಲಿಂಗ್‌ನ ಬಲಗೈ ಚೆಸ್ಟರ್ ಆರ್ಥರ್‌ನನ್ನು ನ್ಯೂಯಾರ್ಕ್ ಬಂದರಿನ ಕಲೆಕ್ಟರ್ (ಸುಂಕ ವಸೂಲಿಯ ಮುಖ್ಯಸ್ಥ) ಹುದ್ದೆಯಿಂದಲೇ ತೆಗೆದುಹಾಕಿದರು. ದೇಶದ ಸುಂಕದ ದೊಡ್ಡ ಪಾಲು ಬರುತ್ತಿದ್ದದ್ದು ಆ ಬಂದರಿನಿಂದ. ಅಲ್ಲಿನ ನೌಕರರು ಪಕ್ಷದ ಕೆಲಸಕ್ಕೂ ಓಡಾಡುತ್ತಿದ್ದರು, ಸಂಬಳದಲ್ಲಿ ಪಕ್ಷಕ್ಕೂ ಪಾಲು ಕೊಡುತ್ತಿದ್ದರು. ಹಾಗಾಗಿ ಗ್ರಾಂಟ್ ವಾಪಸ್ ಬರೋದು ಈ ಮೂವರಿಗೆ ಭಕ್ತಿಯ ವಿಷಯ ಮಾತ್ರ ಆಗಿರಲಿಲ್ಲ.

ಎದುರುಗಡೆ ಮೇನ್ ರಾಜ್ಯದ ಸೆನೆಟರ್ ಜೇಮ್ಸ್ ಬ್ಲೇನ್. ಜನಪ್ರಿಯ, ಮಾತುಗಾರ. ಕಾಂಕ್ಲಿಂಗ್‌ಗೂ ಬ್ಲೇನ್‌ಗೂ ಹಳೇ ದ್ವೇಷ. 1866ರಲ್ಲಿ ಸದನದೊಳಗೇ ಬ್ಲೇನ್ ಕಾಂಕ್ಲಿಂಗ್‌ನ ಠೀವಿಯನ್ನು ಟರ್ಕಿ ಕೋಳಿಯ ನಡಿಗೆ ಅಂತ ಆಡಿಕೊಂಡಿದ್ದ. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 14 ವರ್ಷಗಳ ನಂತರ 300ಕ್ಕೂ ಹೆಚ್ಚು ಪ್ರತಿನಿಧಿಗಳು ಬ್ಲೇನ್ ಕಡೆ ಹೆಜ್ಜೆ ಇಡಲು ದಾರಿಯೇ ಇಲ್ಲದಂತೆ ಆಗಿದ್ದಕ್ಕೆ ಈ ಕೋಳಿಯೂ ಒಂದು ಕಾರಣ.

ಮೂರನೆಯವರು ಒಹಾಯೊದ ಜಾನ್ ಶೆರ್ಮನ್, ಹೇಯ್ಸ್ ಸರ್ಕಾರದ ಹಣಕಾಸು ಮಂತ್ರಿ. ಸಮರ್ಥ ಆಡಳಿತಗಾರ, ಆದರೆ ಮನುಷ್ಯ ತಣ್ಣಗೆ. ಜನ ಹಿಂದಿನಿಂದ ಒಹಾಯೊದ ಹಿಮದ ಕಡ್ಡಿ ಅಂತಲೇ ಕರೆಯುತ್ತಿದ್ದರು. ತನ್ನ ರಾಜ್ಯದ 44 ಪ್ರತಿನಿಧಿಗಳಲ್ಲೇ 9 ಜನ ಬ್ಲೇನ್ ಕಡೆ ಇದ್ದರು. ಶೆರ್ಮನ್ ಪರವಾಗಿ ಮಾತಾಡಲು ಶಿಕಾಗೊಗೆ ಬಂದಿದ್ದವರೇ ಗಾರ್ಫೀಲ್ಡ್. ಅದೇ ಜನವರಿಯಲ್ಲಿ ಒಹಾಯೊ ಶಾಸನಸಭೆ ಗಾರ್ಫೀಲ್ಡ್‌ರನ್ನು ಸೆನೆಟ್‌ಗೆ ಆರಿಸಿತ್ತು. ಅದಕ್ಕೆ ಶೆರ್ಮನ್ ಬೆಂಬಲ ಇತ್ತು. ಆ ಋಣ ತೀರಿಸೋಕೆ ಬಂದಿದ್ದರು.

ಇವರಲ್ಲದೆ ವರ್ಮಾಂಟ್‌ನ ಎಡ್ಮಂಡ್ಸ್, ಇಲಿನಾಯ್‌ನ ವಾಶ್‌ಬರ್ನ್, ಮಿನಸೋಟಾದ ವಿಂಡಮ್ ಕೂಡ ಇದ್ದರು. ವಾಶ್‌ಬರ್ನ್ ಗ್ರಾಂಟ್‌ಗೆ ಒಂದು ಕಾಲದಲ್ಲಿ ಕೈಹಿಡಿದು ಮೇಲೆತ್ತಿದ ಗೆಳೆಯ. ಈಗ ಅವರ ಹೆಸರೂ ಪಟ್ಟಿಯಲ್ಲಿ ಇದ್ದದ್ದು ಗ್ರಾಂಟ್‌ಗೆ ಬಹಳ ನೋವು ಕೊಟ್ಟಿತು.

ಯೂನಿಟ್ ರೂಲ್ ಎಂಬ ದಾಳ

ಮೂವರು ಯಜಮಾನರ ಯೋಜನೆ ಸರಳವಾಗಿತ್ತು. ನ್ಯೂಯಾರ್ಕ್‌ಗೆ 70 ಪ್ರತಿನಿಧಿಗಳು, ಪೆನ್ಸಿಲ್ವೇನಿಯಾಗೆ 58, ಇಲಿನಾಯ್‌ಗೆ 42. ಒಟ್ಟು 170. ಈ ಮೂರು ರಾಜ್ಯಗಳ ಪಕ್ಷದ ಸಭೆಗಳಲ್ಲಿ ಗ್ರಾಂಟ್‌ಗೇ ಮತ ಹಾಕಬೇಕು ಅಂತ ನಿರ್ಣಯ ಮಾಡಿಸಿಕೊಂಡರು. ಆದರೆ ಆ ಸಭೆಗಳಲ್ಲಿ ವಿರೋಧವೂ ಜೋರಾಗಿಯೇ ಇತ್ತು. ಎಲ್ಲ ಪ್ರತಿನಿಧಿಗಳೂ ಗ್ರಾಂಟ್ ಪರ ಇರಲಿಲ್ಲ. ಅದಕ್ಕೇ ಯೂನಿಟ್ ರೂಲ್ ಬೇಕಿತ್ತು. ಅಂದರೆ ಒಂದು ರಾಜ್ಯದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಯಾರ ಕಡೆ ಇದ್ದಾರೋ, ಆ ರಾಜ್ಯದ ಅಷ್ಟೂ ಮತ ಅವರಿಗೇ. ನಮ್ಮ ಶಾಸಕರಿಗೆ ವಿಪ್ ಜಾರಿ ಮಾಡ್ತಾರಲ್ಲ, ಅದಕ್ಕಿಂತ ಬಿಗಿ. ವಿಪ್ ಮುರಿದು ಅಡ್ಡ ಮತ ಹಾಕೋಕಾದರೂ ಆಗುತ್ತೆ, ಕ್ರಮ ಆಮೇಲೆ. ಇಲ್ಲಿ ಅಡ್ಡ ಮತ ಹಾಕಿದರೂ ಅದು ಎಣಿಕೆಗೇ ಬರಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಗ್ತಿತ್ತು ಅಂತ ಲೆಕ್ಕ ಹಾಕಿ ನೋಡಿ. ಮೊದಲ ಸುತ್ತಿನಲ್ಲಿ ಗ್ರಾಂಟ್‌ಗೆ ನಿಜವಾಗಿ ಬಿದ್ದದ್ದು 304 ಮತ. ಅದರಲ್ಲಿ ನ್ಯೂಯಾರ್ಕ್‌ನಿಂದ 51, ಪೆನ್ಸಿಲ್ವೇನಿಯಾದಿಂದ 32, ಇಲಿನಾಯ್‌ನಿಂದ 24. ಮೂರೂ ಸೇರಿ 107. ಯೂನಿಟ್ ರೂಲ್ ಇದ್ದಿದ್ದರೆ 170 ಬರುತ್ತಿತ್ತು, 63 ಜಾಸ್ತಿ. ಅಲ್ಲಿಗೆ 367. ಗೆಲುವಿಗೆ ಇನ್ನು 12 ಮಾತ್ರ. ಗ್ರಾಂಟ್ ಪರ ಬಹುಮತ ಇದ್ದ ಬೇರೆ ರಾಜ್ಯಗಳಲ್ಲೂ ಇದೇ ನಿಯಮ ಹಾಕಿದ್ದರೆ, ಇಲ್ಲವೇ ಗೆಲ್ಲುವ ಕುದುರೆಯ ಹಿಂದೆ ಓಡುವವರು ಒಂದಿಷ್ಟು ಜನ ಬಂದಿದ್ದರೆ, ಮೊದಲ ದಿನವೇ ಕತೆ ಮುಗಿಯುತ್ತಿತ್ತು.

ಹಾಗಾಗಿ ಬ್ಲೇನ್ ಮತ್ತು ಶೆರ್ಮನ್ ಕಡೆಯವರಿಗೆ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಓಲೈಸುವುದಕ್ಕಿಂತ ಮುಖ್ಯವಾಗಿದ್ದು ಆ 63 ಜನರ ಬಾಯಿ ಕಟ್ಟದಂತೆ ನೋಡಿಕೊಳ್ಳುವುದು. ಇಲ್ಲಿ ಒಂದು ತಮಾಷೆ ಇದೆ. 1876ರ ಸಿನ್ಸಿನಾಟಿ ಸಮಾವೇಶದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಪೆನ್ಸಿಲ್ವೇನಿಯಾದ ಕೆಲವರು ತಮ್ಮ ರಾಜ್ಯದ ನಿರ್ಣಯ ಮೀರಿ ಬ್ಲೇನ್‌ಗೆ ಮತ ಹಾಕಬೇಕು ಅಂದಾಗ, ಪ್ರತಿನಿಧಿಗೆ ತನ್ನ ಮತ ತನ್ನದೇ ಅಂತ ಸಭಾಧ್ಯಕ್ಷರು ತೀರ್ಪು ಕೊಟ್ಟಿದ್ದರು, ಸಭೆಯೂ ಒಪ್ಪಿತ್ತು. ಅಂದರೆ ಪೂರ್ವನಿದರ್ಶನ ಸ್ಟಾಲ್ವರ್ಟ್‌ಗಳ ವಿರುದ್ಧವೇ ಇತ್ತು. ಆದರೆ ಪೂರ್ವನಿದರ್ಶನ ನೆನಪಿಸಬೇಕಾದವನು ಕುರ್ಚಿಯಲ್ಲಿ ಕೂತವನು. ಅವನೇ ನಮ್ಮವನಾದರೆ?

ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಬೇರೆ ಯಾರೂ ಅಲ್ಲ, ಡಾನ್ ಕ್ಯಾಮೆರಾನ್. ಸಮಾವೇಶಕ್ಕೆ ಗಂಟೆ ಬಾರಿಸಿ ಶುರು ಮಾಡುವವನು ಅವನೇ. ತಾತ್ಕಾಲಿಕ ಸಭಾಧ್ಯಕ್ಷರ ಆಯ್ಕೆಗೆ ಮೊದಲ ಮತದಾನ ಆಗುವಾಗ ಕ್ಯಾಮೆರಾನ್ ಯೂನಿಟ್ ರೂಲ್ ಪ್ರಕಾರವೇ ಎಣಿಸುತ್ತಾನೆ. ಅದರಿಂದ ಗ್ರಾಂಟ್ ಕಡೆಯವನೇ ಕುರ್ಚಿಗೆ ಬರುತ್ತಾನೆ. ಆಮೇಲೆ ಅವನೂ ಅದೇ ನಿಯಮ ಮುಂದುವರಿಸುತ್ತಾನೆ. ಒಂದೇ ಒಂದು ತೀರ್ಪಿನಿಂದ ಇಡೀ ಸಮಾವೇಶ ಕೈಗೆ ಬರುವ ಉಪಾಯ ಇದು. ನೀಟಾಗಿತ್ತು, ಒಪ್ಪಿಕೊಳ್ಳಲೇಬೇಕು.

ಮೇ 31ರ ರಾತ್ರಿ

ಇದನ್ನು ಮುರಿದವನು ನ್ಯೂ ಹ್ಯಾಂಪ್‌ಶೈರ್‌ನ ವಿಲಿಯಂ ಚಾಂಡ್ಲರ್. ಬ್ಲೇನ್ ಕಡೆಯ ಮುಖ್ಯ ವ್ಯವಸ್ಥಾಪಕ, ಪಕ್ಷದ ಒಳಗಿನ ಲೆಕ್ಕಾಚಾರಗಳಲ್ಲಿ ಪಳಗಿದವನು. ಸಮಾವೇಶಕ್ಕೆ ಎರಡು ದಿನ ಮೊದಲು, ಮೇ 31ರ ರಾತ್ರಿ, ರಾಷ್ಟ್ರೀಯ ಸಮಿತಿಯ ಸಭೆ ಸೇರಿತು. ಕ್ಯಾಮೆರಾನ್ ಸಮಿತಿಯ ಅಧ್ಯಕ್ಷ ನಿಜ, ಆದರೆ ಸಮಿತಿಯ ಸದಸ್ಯರಲ್ಲಿ ಹೆಚ್ಚಿನವರು ಗ್ರಾಂಟ್ ವಿರೋಧಿಗಳು. ಚಾಂಡ್ಲರ್ ಇದನ್ನು ಮೊದಲೇ ತಲೆ ಎಣಿಸಿ ಇಟ್ಟುಕೊಂಡಿದ್ದ.

ಸಭೆಯಲ್ಲಿ ಯೂನಿಟ್ ರೂಲ್ ವಿರುದ್ಧ ನಿರ್ಣಯ ಮಂಡನೆ ಆಯಿತು. ಕ್ಯಾಮೆರಾನ್ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಇದು ಈ ಸಮಿತಿಯ ವ್ಯಾಪ್ತಿಗೆ ಬರಲ್ಲ ಅಂತ ತಳ್ಳಿಹಾಕಿದ. ಅವನ ತೀರ್ಪಿನ ಮೇಲೆ ಮೇಲ್ಮನವಿ ಮಾಡಿದರೆ ಅದನ್ನೂ ಕೇಳಲಿಲ್ಲ. ಬಹುಮತ ಇದ್ದವರು ಕೂಗಾಡುತ್ತಿದ್ದಾರೆ, ಕುರ್ಚಿಯಲ್ಲಿದ್ದವನು ಕಿವುಡನಂತೆ ಕೂತಿದ್ದಾನೆ. ಮಧ್ಯರಾತ್ರಿವರೆಗೂ ಇದೇ ನಡೆಯಿತು.

ಸ್ಟಾಲ್ವರ್ಟ್‌ಗಳು ಇಲ್ಲಿ ಅತಿ ಮಾಡಿದರು ಅನ್ನೋದು ನನ್ನ ಅಭಿಪ್ರಾಯ. ಕ್ಯಾಮೆರಾನ್ ಸ್ವಲ್ಪ ನಾಜೂಕಾಗಿ ನಡೆದುಕೊಂಡು, ಸಮಿತಿಯಲ್ಲಿ ಸೋತರೂ ಪರವಾಗಿಲ್ಲ ಸಮಾವೇಶದಲ್ಲಿ ನೋಡಿಕೊಳ್ಳೋಣ ಅಂದಿದ್ದರೆ ಎದುರಾಳಿಗಳು ಇಷ್ಟು ಒಗ್ಗಟ್ಟಾಗುತ್ತಿರಲಿಲ್ಲ. ಬ್ಲೇನ್, ಶೆರ್ಮನ್, ಎಡ್ಮಂಡ್ಸ್ ಕಡೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆ ರಾತ್ರಿ ಅವರನ್ನು ಒಂದು ಮಾಡಿದ್ದು ಚಾಂಡ್ಲರ್‌ಗಿಂತ ಜಾಸ್ತಿ ಕ್ಯಾಮೆರಾನ್‌ನ ಹಠ.

ಮಾರನೇ ದಿನ ಚಾಂಡ್ಲರ್ ಗುಂಪು ಕೊನೇ ಅಸ್ತ್ರ ತೆಗೆಯಿತು. ಬಗ್ಗದಿದ್ದರೆ ಕ್ಯಾಮೆರಾನ್‌ನನ್ನೇ ಅಧ್ಯಕ್ಷ ಸ್ಥಾನದಿಂದ ಇಳಿಸುತ್ತೇವೆ, ನಮ್ಮ ಹತ್ತಿರ ಸಂಖ್ಯೆ ಇದೆ. ಇದು ಬರೀ ಬೆದರಿಕೆ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ದೇಶದ ಪತ್ರಿಕೆಗಳೆಲ್ಲ ಶಿಕಾಗೊದಲ್ಲಿ ಬೀಡುಬಿಟ್ಟಿರುವಾಗ, ಸಮಾವೇಶದ ಮುನ್ನಾದಿನ ಗ್ರಾಂಟ್ ಕಡೆಯ ಮುಖ್ಯಸ್ಥನನ್ನೇ ಕುರ್ಚಿಯಿಂದ ಎಬ್ಬಿಸಿದರೆ ಮಾನ ಹೋದಂತೆಯೇ.

ಆಗ ಸಂಧಾನಕ್ಕೆ ಬಂದವನು ಚೆಸ್ಟರ್ ಆರ್ಥರ್. ಕಾಂಕ್ಲಿಂಗ್ ಕಡೆಯವನೇ, ಆದರೆ ಕಾಂಕ್ಲಿಂಗ್‌ನ ಸೊಕ್ಕು ಇವನಿಗೆ ಇರಲಿಲ್ಲ. ಒಪ್ಪಂದ ಹೀಗಾಯಿತು: ಕ್ಯಾಮೆರಾನ್ ಸಮಿತಿಯ ಕುರ್ಚಿಯಲ್ಲಿ ಉಳಿಯಲಿ. ಬದಲಿಗೆ ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾರ್ಜ್ ಹೋರ್ ಸಭಾಧ್ಯಕ್ಷ ಆಗುವುದಕ್ಕೆ ಗ್ರಾಂಟ್ ಕಡೆಯವರು ಅಡ್ಡಿ ಮಾಡಬಾರದು. ಯೂನಿಟ್ ರೂಲ್ ಬೇಕೋ ಬೇಡವೋ ಅಂತ ಸಮಾವೇಶವೇ ತೀರ್ಮಾನಿಸಲಿ, ಪ್ರತಿಯೊಬ್ಬ ಪ್ರತಿನಿಧಿಯೂ ಸ್ವತಂತ್ರವಾಗಿ ಮತ ಹಾಕಿ. ಹೋರ್ ಯಾವ ಬಣಕ್ಕೂ ಸೇರದ, ನೇರ ಮನುಷ್ಯ ಅಂತ ಹೆಸರು ಪಡೆದವರು. ಯೂನಿಟ್ ರೂಲ್ ಬೇಕೋ ಬೇಡವೋ ಅನ್ನೋ ಮತಕ್ಕೆ ಯೂನಿಟ್ ರೂಲ್ ಇಲ್ಲ ಅಂದಮೇಲೆ ಅದು ಬಿದ್ದು ಹೋಗೋದು ಖಚಿತ.

ನನಗೆ ಇಡೀ ಪ್ರಕರಣದ ತಿರುವು ಇದೇ. ಪ್ರಮುಖರು ಭಾಷಣದ ಕಾಗದ ಇನ್ನೂ ತಿದ್ದುತ್ತಿದ್ದಾಗಲೇ ಗ್ರಾಂಟ್ ಸೋತಾಗಿತ್ತು.

ಭಿನ್ನಮತೀಯರು ಯಾಕೆ ಗಟ್ಟಿಯಾಗಿ ನಿಂತರು

ನಿಯಮ ಸಡಿಲ ಆದರೆ ಸಾಕಾಗಲ್ಲ, ಅದನ್ನು ಬಳಸಿಕೊಳ್ಳುವ ಧೈರ್ಯವೂ ಬೇಕು. ಕಾಂಕ್ಲಿಂಗ್ ಎದುರು ನಿಂತು ನ್ಯೂಯಾರ್ಕ್ ಪ್ರತಿನಿಧಿಯೊಬ್ಬ ಬ್ಲೇನ್ ಹೆಸರು ಹೇಳುವುದು ಅಂದರೆ ಮುಂದಿನ ರಾಜಕೀಯಕ್ಕೆ ಎಳ್ಳುನೀರು ಬಿಟ್ಟಂತೆ. ಆದರೂ ಮೊದಲ ಸುತ್ತಿನಲ್ಲಿ 19 ಜನ ಬೇರೆಯಾದರು. 17 ಬ್ಲೇನ್‌ಗೆ, 2 ಶೆರ್ಮನ್‌ಗೆ. ಇವರ ಮುಂದಾಳು ರಾಜ್ಯ ಸೆನೆಟರ್ ವಿಲಿಯಂ ರಾಬರ್ಟ್‌ಸನ್. ಸಮಾವೇಶಕ್ಕೂ ಮೊದಲೇ ಬಹಿರಂಗವಾಗಿ, ನನ್ನ ಕ್ಷೇತ್ರದ ಜನ ಬ್ಲೇನ್ ಬೇಕು ಅಂತಾರೆ, ನಾನು ಅವರ ಮಾತು ಕೇಳುತ್ತೇನೆ ಅಂದುಬಿಟ್ಟಿದ್ದ. ಪೆನ್ಸಿಲ್ವೇನಿಯಾದಲ್ಲಿ ಫಿಲಡೆಲ್ಫಿಯಾದ ಜೇಮ್ಸ್ ಮೆಕ್‌ಮೇನ್ಸ್ ಇದೇ ಕೆಲಸ ಮಾಡಿದ. ಅಲ್ಲಿ 23 ಬ್ಲೇನ್‌ಗೆ, 3 ಶೆರ್ಮನ್‌ಗೆ. ಮೆಕ್‌ಮೇನ್ಸ್ ಏನೂ ಸಾಧು ಅಲ್ಲ. ಅವನೂ ಊರಿನ ಗ್ಯಾಸ್ ಕಾರ್ಖಾನೆಯ ಆಡಳಿತ ಹಿಡಿದು ಬೆಳೆದ ಪುಢಾರಿ. ಅವನ ಬಳಿ ತನ್ನದೇ ಕೋಟೆ ಇತ್ತು, ಕ್ಯಾಮೆರಾನ್ ಮುನಿಸಿಕೊಂಡರೆ ಕೆಲಸ ಹೋಗುವ ಭಯ ಇರಲಿಲ್ಲ. ಇದನ್ನು ಗಮನಿಸಬೇಕು. ಬಣ ಬಿಟ್ಟು ಬಂದವರು ಆದರ್ಶಕ್ಕಾಗಿ ಬಂದರು ಅಂತ ಎಲ್ಲ ಕಡೆ ಬರೆಯುತ್ತಾರೆ. ಕೆಲವರು ಹಾಗೆ ಬಂದಿರಬಹುದು. ಆದರೆ ಮುಂದೆ ನಿಂತವರು ತಮ್ಮ ಸ್ವಂತ ನೆಲ ಇದ್ದವರೇ.

ಇಲಿನಾಯ್‌ನಲ್ಲಿ ಲೋಗನ್ ಇನ್ನೂ ಒರಟಾಗಿ ನಡೆದುಕೊಂಡಿದ್ದ. ಮೇ ತಿಂಗಳ ರಾಜ್ಯ ಸಭೆಯಲ್ಲಿ ಕ್ಷೇತ್ರಗಳು ಕಳಿಸಿದ ವಿರೋಧಿಗಳನ್ನು ಬದಿಗೊತ್ತಿ ತನ್ನವರನ್ನೇ ಪ್ರತಿನಿಧಿಗಳು ಅಂತ ಘೋಷಿಸಿಬಿಟ್ಟ. ಹೊರಗುಳಿದವರು ಶಿಕಾಗೊಗೆ ಬಂದು ದೂರು ಕೊಟ್ಟರು. ಅದರ ಮೇಲೆ ನಡೆದ ಚರ್ಚೆ ಶುಕ್ರವಾರ ರಾತ್ರಿ ಹನ್ನೆರಡು ದಾಟಿದರೂ ಮುಗಿಯಲಿಲ್ಲ. ಕೊನೆಗೆ ಸಮಾವೇಶ ದೂರು ಕೊಟ್ಟವರಿಗೇ ಸೀಟು ಕೊಟ್ಟಿತು. ಇಲಿನಾಯ್‌ನ 42ರಲ್ಲಿ 18 ಮತ ಗ್ರಾಂಟ್ ಕೈತಪ್ಪಿದ್ದು ಹೀಗೆ.

ಕಾಂಕ್ಲಿಂಗ್ ಮಾಡಿದ ತಪ್ಪು, ಗಾರ್ಫೀಲ್ಡ್‌ಗೆ ಸಿಕ್ಕ ಲಾಭ

ಅದೇ ಶುಕ್ರವಾರ ಬೆಳಿಗ್ಗೆ ಕಾಂಕ್ಲಿಂಗ್ ಒಂದು ನಿರ್ಣಯ ತಂದಿದ್ದ. ಯಾರೇ ಅಭ್ಯರ್ಥಿಯಾದರೂ ಇಲ್ಲಿರುವ ಎಲ್ಲರೂ ಬೆಂಬಲಿಸಬೇಕು, ಒಪ್ಪದವರಿಗೆ ಇಲ್ಲಿ ಜಾಗ ಇಲ್ಲ ಅಂತ. 716 ಜನ ಹೌದು ಅಂದರು, ಮೂವರು ಇಲ್ಲ ಅಂದರು. ಮೂವರೂ ವೆಸ್ಟ್ ವರ್ಜೀನಿಯಾದವರು. ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಕಾಂಕ್ಲಿಂಗ್ ಬಿಡಲಿಲ್ಲ. ಆ ಮೂವರನ್ನು ಸಭೆಯಿಂದ ಹೊರಹಾಕಬೇಕು ಅಂತ ಇನ್ನೊಂದು ನಿರ್ಣಯ ತಂದ.

ಗಾರ್ಫೀಲ್ಡ್ ಎದ್ದು ನಿಂತರು. ಈ ಮೂವರು ಅಭ್ಯರ್ಥಿಯನ್ನು ಬೆಂಬಲಿಸಲ್ಲ ಅಂದಿಲ್ಲ, ಇಂಥ ನಿರ್ಣಯ ಮಾಡುವುದು ಸರಿಯಲ್ಲ ಅಂದಿದ್ದಾರೆ ಅಷ್ಟೇ, ಅದಕ್ಕೆ ಅವರನ್ನು ಹೊರಹಾಕುವುದು ಅನ್ಯಾಯ ಅಂತ ಮೆಲ್ಲಗೆ, ಗಟ್ಟಿಯಾಗಿ ಹೇಳಿದರು. ಸಭೆ ಅವರ ಕಡೆ ವಾಲಿತು. ಕಾಂಕ್ಲಿಂಗ್ ನಿರ್ಣಯ ವಾಪಸ್ ತೆಗೆದುಕೊಳ್ಳಬೇಕಾಯಿತು.

ನಿಯಮಾವಳಿ ಸಮಿತಿಯ ಅಧ್ಯಕ್ಷರೂ ಗಾರ್ಫೀಲ್ಡ್ ಅವರೇ. ಪ್ರತಿನಿಧಿಯ ಮತ ಪ್ರತಿನಿಧಿಯದೇ ಅನ್ನೋ ನಿಯಮ ಅವರ ಸಮಿತಿಯ ವರದಿಯಲ್ಲೇ ಬಂತು. ಶನಿವಾರ ಸಮಾವೇಶ ಅದನ್ನು ಅಂಗೀಕರಿಸಿತು. (ಅಂದಹಾಗೆ ಡೆಮಾಕ್ರಟಿಕ್ ಪಕ್ಷ ಯೂನಿಟ್ ರೂಲ್ ಅನ್ನು ಕೈಬಿಟ್ಟದ್ದು 1968ರಲ್ಲಿ, ಅದೂ ಇದೇ ಶಿಕಾಗೊದಲ್ಲಿ.) ಹೀಗೆ ಒಂದೇ ವಾರದಲ್ಲಿ ಸಣ್ಣವರ ಪರ ನಿಂತವರು, ನಿಯಮ ಸರಿ ಮಾಡಿದವರು, ಯಾರನ್ನೂ ಬೈಯದವರು ಅನ್ನೋ ಹೆಸರು ಗಾರ್ಫೀಲ್ಡ್‌ಗೆ ಬಂತು. ಯಾವ ಬಣಕ್ಕೂ ಅವರ ಮೇಲೆ ಸಿಟ್ಟಿಲ್ಲ. ಪಟ್ಟು ಬಿಡದ ಮೂರು ಬಣಗಳ ನಡುವೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕಾ?

ಶನಿವಾರ ರಾತ್ರಿ ಹೆಸರು ಸೂಚಿಸುವ ಭಾಷಣಗಳು. ಬ್ಲೇನ್ ಹೆಸರು ಸೂಚಿಸಿದ ಮಿಶಿಗನ್‌ನ ಮಹಾಶಯರು ಹೆಸರನ್ನೇ ತಪ್ಪಾಗಿ ಹೇಳಿದರು. ಜೇಮ್ಸ್ ಎಸ್. ಬ್ಲೇನ್ ಅಂದರು, ಸಭೆಯೆಲ್ಲ ಜಿ, ಜಿ ಅಂತ ಕೂಗಿತು. ಕಾಂಕ್ಲಿಂಗ್ ಪತ್ರಕರ್ತರ ಮೇಜಿನ ಮೇಲೆ ಹತ್ತಿ ನಿಂತು ಗ್ರಾಂಟ್ ಪರ ಮಾಡಿದ ಭಾಷಣ ಮಾತ್ರ ಅದ್ಭುತ. ನಮ್ಮ ಅಭ್ಯರ್ಥಿ ಯಾವ ರಾಜ್ಯದವನು ಅಂತ ಕೇಳಿದರೆ ಆಪಮ್ಯಾಟಕ್ಸ್‌ನವನು ಅನ್ನುತ್ತೇವೆ ಅಂತ ಪದ್ಯದಲ್ಲೇ ಶುರು ಮಾಡಿದ. ಯುದ್ಧದಲ್ಲಿ ಎದುರಾಳಿ ಸೇನಾಪತಿ ಲೀ ಗ್ರಾಂಟ್‌ಗೆ ಶರಣಾದ ಜಾಗ ಅದು. ಸಭಾಂಗಣ ಹುಚ್ಚೆದ್ದಿತು. ಆದರೆ ಅದೇ ಭಾಷಣದಲ್ಲಿ ಉಳಿದವರನ್ನೆಲ್ಲ ಚುಚ್ಚಿದ. ಕುಣಿದವರು ಮೊದಲಿನಿಂದಲೂ ಗ್ರಾಂಟ್‌ನವರೇ. ಹೊಸಬರು ಒಬ್ಬರೂ ಬರಲಿಲ್ಲ.

ನಂತರ ಶೆರ್ಮನ್ ಪರ ಗಾರ್ಫೀಲ್ಡ್. ಸಮುದ್ರದ ಅಲೆ ನೋಡಿ ಸಮುದ್ರದ ಆಳ ಅಳೆಯಬಾರದು ಅನ್ನೋ ಧಾಟಿಯಲ್ಲಿ ಸಭೆಯನ್ನು ತಣ್ಣಗೆ ಮಾಡಿದರು. ನಮಗೆ ಬೇಕಾಗಿರುವುದು ಏನು ಅಂತ ಪ್ರಶ್ನೆ ಹಾಕಿದಾಗ ಯಾರೋ, ನಮಗೆ ಗಾರ್ಫೀಲ್ಡ್ ಬೇಕು ಅಂತ ಕೂಗಿದರಂತೆ. ಶೆರ್ಮನ್‌ಗೆ ಹೊಗಳಿಕೆ ಬಂದದ್ದು ಕೊನೆಗೆ, ಅದೂ ಕಡಿಮೆ. ಶೆರ್ಮನ್ ಕಡೆಯ ಕೆಲವರಿಗೆ ಆಗಲೇ ಅನುಮಾನ ಶುರುವಾಯಿತು.

ಗಾರ್ಫೀಲ್ಡ್ ನಿಜವಾಗಲೂ ಮೋಸ ಮಾಡಿದರಾ? ಫಿಲಡೆಲ್ಫಿಯಾದ ಬ್ಯಾಂಕರ್ ವಾರ್ಟನ್ ಬಾರ್ಕರ್ ಆ ವರ್ಷದ ಆರಂಭದಿಂದಲೇ ಗಾರ್ಫೀಲ್ಡ್ ಹೆಸರನ್ನು ಸದ್ದಿಲ್ಲದೆ ಓಡಿಸುತ್ತಿದ್ದ. ಗಾರ್ಫೀಲ್ಡ್‌ಗೂ ಅದು ಗೊತ್ತಿತ್ತು. ಬೇಡ ಅಂತ ಕಡ್ಡಿ ಮುರಿದಂತೆ ಹೇಳಲಿಲ್ಲ. ನಾನು ಶೆರ್ಮನ್‌ಗೆ ಮಾತು ಕೊಟ್ಟಿದ್ದೇನೆ ಅಂತ ಹೇಳುತ್ತಲೇ ಬಾಗಿಲನ್ನು ಪೂರ್ತಿ ಮುಚ್ಚದೆ ಬಿಟ್ಟರು. ಇದನ್ನು ಪಿತೂರಿ ಅಂತ ನಾನು ಕರೆಯಲ್ಲ. ಆದರೆ ಏನೂ ಗೊತ್ತಿರದ ಮುಗ್ಧ ಅಂತಲೂ ನಂಬಲ್ಲ.

ಭಾನುವಾರ ಸಭೆ ಇಲ್ಲ. ಪಾಮರ್ ಹೌಸ್, ಗ್ರ್ಯಾಂಡ್ ಪೆಸಿಫಿಕ್ ಹೋಟೆಲುಗಳಲ್ಲಿ ಮಾತ್ರ ಬಿಡುವಿಲ್ಲದ ಓಡಾಟ.

36 ಸುತ್ತು

ಸೋಮವಾರ ಜೂನ್ 7. ಮೊದಲ ಸುತ್ತು: ಗ್ರಾಂಟ್ 304, ಬ್ಲೇನ್ 284, ಶೆರ್ಮನ್ 93, ಎಡ್ಮಂಡ್ಸ್ 34, ವಾಶ್‌ಬರ್ನ್ 30, ವಿಂಡಮ್ 10. ಅವತ್ತು ಒಂದೇ ದಿನ 28 ಸುತ್ತು ನಡೆಯಿತು. ಗ್ರಾಂಟ್ 300 ದಾಟಿ 310 ಮುಟ್ಟದೆ ಅಲ್ಲೇ ಆಡುತ್ತಿದ್ದರು. ಯಾರೂ ಕದಲಲಿಲ್ಲ. ಎರಡನೇ ಸುತ್ತಿನಿಂದ ಪೆನ್ಸಿಲ್ವೇನಿಯಾದ ಒಬ್ಬ ಪ್ರತಿನಿಧಿ ಮಾತ್ರ ಗಾರ್ಫೀಲ್ಡ್‌ಗೆ ಒಂದು ಮತ ಹಾಕುತ್ತಾ ಹೋದ. ಆ ಒಂದು ಮತದ ಹಿಂದೆ ಬಾರ್ಕರ್ ಇದ್ದ. ಹೆಚ್ಚಿನ ಸುತ್ತುಗಳ ಫಲಿತಾಂಶ ಓದುವಾಗ ಕೊನೆಯಲ್ಲಿ ಗಾರ್ಫೀಲ್ಡ್ ಒಂದೋ ಎರಡೋ ಅಂತ ಹತ್ತು ಸಾವಿರಕ್ಕೂ ಜಾಸ್ತಿ ಜನರ ಕಿವಿಗೆ ಬೀಳುತ್ತಿತ್ತು. ಹೆಸರು ಮರೆತುಹೋಗದಂತೆ ನೋಡಿಕೊಳ್ಳಲು ಇಷ್ಟೇ ಸಾಕಲ್ವಾ?

ಅವತ್ತು ರಾತ್ರಿಯೂ ಹೋಟೆಲುಗಳಲ್ಲಿ ಚೌಕಾಸಿ. ಗ್ರಾಂಟ್‌ರನ್ನು ಬಿಟ್ಟು ಇನ್ನೊಬ್ಬರ ಹೆಸರು ಎತ್ತುವುದಕ್ಕೇ ಕಾಂಕ್ಲಿಂಗ್ ತಯಾರಿಲ್ಲ. ಬ್ಲೇನ್ ಕಡೆಯವರಿಗೆ ಶೆರ್ಮನ್ ಬೇಡ, ಶೆರ್ಮನ್ ಕಡೆಯವರಿಗೆ ಬ್ಲೇನ್ ಬೇಡ. ಮಂಗಳವಾರ ಬೆಳಿಗ್ಗೆ ಮ್ಯಾಸಚೂಸೆಟ್ಸ್‌ನವರು ಎಡ್ಮಂಡ್ಸ್‌ರನ್ನು ಬಿಟ್ಟು ಶೆರ್ಮನ್ ಕಡೆ ಹೊರಳಿದರು. 30ನೇ ಸುತ್ತಿನಲ್ಲಿ ಶೆರ್ಮನ್ 120 ಮುಟ್ಟಿದರು. ಅಷ್ಟೇ. ಅವರಿಂದ ಆಗಲ್ಲ ಅಂತ ಎಲ್ಲರಿಗೂ ಖಚಿತ ಆಗಿದ್ದೂ ಅಲ್ಲೇ.

34ನೇ ಸುತ್ತು. ರಾಜ್ಯಗಳ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಕರೆಯುತ್ತಿದ್ದರು. ರಾಜ್ಯಗಳಲ್ಲಿ ಕೊನೆಗೆ ಬರೋದು ವಿಸ್ಕಾನ್ಸಿನ್. ಅವರು ತಮ್ಮ 20 ಮತಗಳಲ್ಲಿ 16 ಗಾರ್ಫೀಲ್ಡ್‌ಗೆ ಅಂದರು. ಕೊನೆಯವರಾಗಿ ಹೇಳಿದ್ದರಿಂದ ಆ ಸುತ್ತಿನಲ್ಲಿ ಬೇರೆ ಯಾರೂ ತಿರುಗೇಟು ಕೊಡೋಕೆ ಆಗಲಿಲ್ಲ. ಇತ್ತ ಎಲ್ಲರಿಗೂ ಯೋಚಿಸಲು ಸಮಯ ಸಿಕ್ಕಿತು.

ಗಾರ್ಫೀಲ್ಡ್ ಎದ್ದು ನಿಂತು ಕ್ರಿಯಾಲೋಪ ಎತ್ತಿದರು. ಒಪ್ಪಿಗೆ ಇಲ್ಲದೆ ಒಬ್ಬನ ಹೆಸರಿಗೆ ಮತ ಹಾಕುವ ಹಕ್ಕು ಯಾರಿಗೂ ಇಲ್ಲ, ನಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಹೇಳುತ್ತಿದ್ದಂತೆಯೇ ಹೋರ್ ಅವರನ್ನು ತಡೆದು ಕೂರಿಸಿದರು. ಗಾರ್ಫೀಲ್ಡ್ ಏನಾದರೂ ಹೇಳಿ ತಮ್ಮ ದಾರಿಯನ್ನೇ ಮುಚ್ಚಿಕೊಂಡುಬಿಟ್ಟಾರು ಅನ್ನೋ ಭಯ ಆಗಿತ್ತು ಅಂತ ಹೋರ್ ಮುಂದೆ ಬರೆದುಕೊಂಡಿದ್ದಾರೆ. ಮೇ 31ರ ಜಗಳದಿಂದ ಕುರ್ಚಿಗೆ ಬಂದ ಸಭ್ಯ ಸಭಾಧ್ಯಕ್ಷರು ಕೂಡ ಆ ಗಳಿಗೆಯಲ್ಲಿ ಪೂರ್ತಿ ತಟಸ್ಥರಾಗಿರಲಿಲ್ಲ. ಅದೇ ಕುರ್ಚಿಯಲ್ಲಿ ಕ್ಯಾಮೆರಾನ್ ಕಡೆಯವನು ಕೂತಿದ್ದರೆ ಗಾರ್ಫೀಲ್ಡ್‌ಗೆ ಪೂರ್ತಿ ಮಾತಾಡಲು ಬಿಡುತ್ತಿದ್ದ, ಖುಷಿಯಿಂದ.

35ನೇ ಸುತ್ತಿನಲ್ಲಿ ಇಂಡಿಯಾನಾ 27 ಮತ ಕೊಟ್ಟಿತು. ಆ ತಂಡದ ಮುಖಂಡ ಬೆಂಜಮಿನ್ ಹ್ಯಾರಿಸನ್, ಮುಂದೆ 1888ರಲ್ಲಿ ತಾನೇ ಅಧ್ಯಕ್ಷನಾಗಿ ಆಯ್ಕೆಯಾದವನು. ಗಾರ್ಫೀಲ್ಡ್ 50ಕ್ಕೆ ಏರಿದರು. ವಾಷಿಂಗ್ಟನ್‌ನಲ್ಲಿ ಕೂತು ಟೆಲಿಗ್ರಾಂ ನೋಡುತ್ತಿದ್ದ ಶೆರ್ಮನ್, ಒಹಾಯೊದವರೆಲ್ಲ ಗಾರ್ಫೀಲ್ಡ್‌ಗೇ ಹಾಕಿ ಅಂತ ತಿಳಿಸಿದರು. ಬ್ಲೇನ್ ಕೂಡ ತನ್ನವರನ್ನು ಬಿಟ್ಟುಕೊಟ್ಟ. ಗ್ರಾಂಟ್‌ಗಿಂತ ಯಾರಾದರೂ ಸರಿ ಅನ್ನೋದರಲ್ಲಿ ಮಾತ್ರ ಇವರಿಬ್ಬರಿಗೂ ಒಮ್ಮತ ಇತ್ತು.

36ನೇ ಸುತ್ತು: ಗಾರ್ಫೀಲ್ಡ್ 399, ಗ್ರಾಂಟ್ 306, ಬ್ಲೇನ್ 42, ವಾಶ್‌ಬರ್ನ್ 5, ಶೆರ್ಮನ್ 3. ಗ್ರಾಂಟ್‌ಗೆ ಮೊದಲ ಸುತ್ತಿನಲ್ಲಿ ಬಂದದ್ದಕ್ಕಿಂತ ಕೊನೆಯಲ್ಲಿ ಎರಡು ಮತ ಜಾಸ್ತಿ! ಅವರ ಕಡೆಯವರು ಆಮೇಲೆ 306 ಅಂತ ಪದಕ ಮಾಡಿಸಿ ಹಂಚಿಕೊಂಡರು. ಇಂಥ ನಿಷ್ಠೆ ಮೆಚ್ಚುವಂಥದ್ದೇ. ಆದರೆ ಪ್ರತಿನಿಧಿಗಳನ್ನು ಹೀಗೆ ಕಬ್ಬಿಣದಂತೆ ಹಿಡಿದಿಟ್ಟುಕೊಂಡ ಕಾಂಕ್ಲಿಂಗ್‌ಗೆ ಹೊರಗಿನಿಂದ ಒಬ್ಬರನ್ನು ಒಳಗೆ ಕರೆತರಲು ಬರಲಿಲ್ಲ. ಅದಕ್ಕೆ ಬೇಕಾಗುವ ನಯ ಅವನ ಹತ್ತಿರ ಇರಲೇ ಇಲ್ಲ.

ಕೊನೇ ವ್ಯಾಪಾರ

ಗಾರ್ಫೀಲ್ಡ್ ಕಡೆಯವರಿಗೆ ಈಗ ನ್ಯೂಯಾರ್ಕ್ ಬೇಕಿತ್ತು. ಉಪಾಧ್ಯಕ್ಷ ಹುದ್ದೆಯನ್ನು ಮೊದಲು ಕೇಳಿದ್ದು ಬ್ಯಾಂಕರ್ ಲೆವಿ ಮಾರ್ಟನ್‌ನನ್ನು. ಕಾಂಕ್ಲಿಂಗ್ ಮಾತು ಕೇಳಿ ಅವನು ಬೇಡ ಅಂದ. ನಂತರ ಆರ್ಥರ್. ಆರ್ಥರ್ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕಾಂಕ್ಲಿಂಗ್‌ನನ್ನು ಹುಡುಕಿ ಹೋದ. ಅಲ್ಲಿದ್ದ ಪತ್ರಕರ್ತನೊಬ್ಬ ಹಲವು ವರ್ಷಗಳ ನಂತರ ಬರೆದಂತೆ, ಕುಲುಮೆಯಿಂದ ತೆಗೆದ ಕೆಂಡದಂಥ ಲಾಳವನ್ನು ಬಿಸಾಡುವ ಹಾಗೆ ಇದನ್ನು ಬಿಸಾಡು ಅಂದನಂತೆ ಕಾಂಕ್ಲಿಂಗ್. ಆರ್ಥರ್ ಒಪ್ಪಲಿಲ್ಲ. ಉಪಾಧ್ಯಕ್ಷ ಹುದ್ದೆ ನಾನು ಕನಸಲ್ಲೂ ಕಾಣದ ಗೌರವ ಅಂದ. ಅವನಿಗೆ 468 ಮತ ಬಿತ್ತು, ವಾಶ್‌ಬರ್ನ್‌ಗೆ 193. ತಾನು ಮಂತ್ರಿಯಾಗಿದ್ದಾಗ ಬಂದರಿನಿಂದ ತೆಗೆಸಿದ ಮನುಷ್ಯ ಉಪಾಧ್ಯಕ್ಷನಾಗ್ತಾನೆ ಅಂತ ಕೇಳಿ ಶೆರ್ಮನ್‌ಗೆ ಹೇಗಾಗಿರಬೇಡ!

ವ್ಯಾಪಾರ ಲಾಭದ್ದೇ ಆಯಿತು. ನವೆಂಬರ್ ಚುನಾವಣೆಯಲ್ಲಿ ಗಾರ್ಫೀಲ್ಡ್ 214 ಎಲೆಕ್ಟೋರಲ್ ಮತ (ರಾಜ್ಯವಾರು ಹಂಚಿದ, ಅಧ್ಯಕ್ಷರನ್ನು ತೀರ್ಮಾನಿಸುವ ಮತ) ಪಡೆದರು, ಡೆಮಾಕ್ರಟಿಕ್ ಪಕ್ಷದ ಎದುರಾಳಿ ಹ್ಯಾನ್‌ಕಾಕ್‌ಗೆ 155. ನ್ಯೂಯಾರ್ಕ್‌ನ 35 ಮತ ಆ ಕಡೆ ಹೋಗಿದ್ದರೆ ಗಾರ್ಫೀಲ್ಡ್ 179ಕ್ಕೆ ಇಳಿದು ಸೋಲುತ್ತಿದ್ದರು.

ಶಿಕಾಗೊದ ಋಣ ತೀರಿಸುವ ಸರದಿ 1881ರಲ್ಲಿ ಬಂತು. ಬ್ಲೇನ್ ವಿದೇಶಾಂಗ ಮಂತ್ರಿಯಾದ. ಮಾರ್ಚ್‌ನಲ್ಲಿ ಗಾರ್ಫೀಲ್ಡ್ ನ್ಯೂಯಾರ್ಕ್ ಬಂದರಿನ ಕಲೆಕ್ಟರ್ ಹುದ್ದೆಗೆ ಹೆಸರಿಸಿದ್ದು ಯಾರನ್ನು ಗೊತ್ತಾ? ಕಾಂಕ್ಲಿಂಗ್ ವಿರುದ್ಧ ಬಂಡೆದ್ದ ಅದೇ ರಾಬರ್ಟ್‌ಸನ್. ಕಾಂಕ್ಲಿಂಗ್ ಸಿಟ್ಟಿನಲ್ಲಿ ಮೇ ತಿಂಗಳಲ್ಲಿ ಸೆನೆಟ್‌ಗೆ ರಾಜೀನಾಮೆ ಕೊಟ್ಟ. ರಾಜ್ಯದ ಶಾಸನಸಭೆ ಮತ್ತೆ ಆರಿಸಿ ಕಳಿಸುತ್ತೆ ಅಂತ ನಂಬಿದ್ದ. ಕಳಿಸಲಿಲ್ಲ. ಜುಲೈ 2ರಂದು ಚಾರ್ಲ್ಸ್ ಗಿಟೊ ಎಂಬಾತ, ನಾನು ಸ್ಟಾಲ್ವರ್ಟ್, ಇನ್ನು ಆರ್ಥರ್ ಅಧ್ಯಕ್ಷ ಅನ್ನುತ್ತಾ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಿದ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡರು, ಆರ್ಥರ್ ಅಧ್ಯಕ್ಷನಾದ. ಇನ್ನು ಬಂದರು ನಮ್ಮ ಕೈಗೆ ಬಂತು ಅಂದುಕೊಂಡ ಕಾಂಕ್ಲಿಂಗ್ ರಾಬರ್ಟ್‌ಸನ್‌ನನ್ನು ತೆಗೆದುಹಾಕು ಅಂತ ಪಟ್ಟು ಹಿಡಿದ. ಆರ್ಥರ್ ತೆಗೆಯಲಿಲ್ಲ.